ಗೆಳೆಯನಿಗೊಂದು ಪತ್ರ: ಬಾಲಣ್ಣನ ಕಿವಿ ಮತ್ತು ನನ್ನದು

ಲೋ ಸೀನ,

ನೀನು ಕಳಿಸಿದ ಮಿಮಿಕ್ರಿ ವಿಡಿಯೋ ನೋಡಿದೆ. ಹುಡುಗ ಜೋರಾಗಿದ್ದಾನೆ. ರಾಜ್‌ಕುಮಾರ್ ಮಾಡಿದ, ವಜ್ರಮುನಿ ಮಾಡಿದ, ಜನ ಚಪ್ಪಾಳೆ ತಟ್ಟಿದರು. ಆದರೆ ಹಳೇ ಸಿನಿಮಾಗಳ ಹಾಸ್ಯನಟ ಬಾಲಕೃಷ್ಣ, ಅದೇ ನಮ್ಮ ಬಾಲಣ್ಣ, ಅವರ ದನಿ ತೆಗೆದ ತಕ್ಷಣ ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತು. ಆ ರಾಗ, ಆ ಎಳೆತ. "ಸಕತ್ ಅಲ್ವಾ?" ಅಂತ ಕೇಳಿದ್ದೀಯ. ಸಕತ್ತೇ ಕಣೋ. ಒಂದು ಸಾಲು ಉತ್ತರ ಬರೆಯೋಣ ಅಂತ ಕೂತೆ, ಇಷ್ಟುದ್ದ ಆಯಿತು. ನಿನಗೊಬ್ಬನಿಗೇ ಕಳಿಸಿದರೆ ನೀನು ಓದುವವನಲ್ಲ. ನಾಲ್ಕು ಜನ ಲೈಕ್ ಒತ್ತಿದ ಮೇಲೆ ಓದುತ್ತೀಯ. ಅದಕ್ಕೇ ಇಲ್ಲೇ ಎಲ್ಲರ ಮುಂದೆ ಹಾಕುತ್ತಿದ್ದೇನೆ.

ನೋಡು, ಮಿಮಿಕ್ರಿ ಮಾಡುವವರಿಗೆ ಇವತ್ತಿಗೂ ಅನ್ನ ಹಾಕುತ್ತಿರುವ ಆ ದನಿಯನ್ನು ಅದರ ಯಜಮಾನರೇ ಸರಿಯಾಗಿ ಕೇಳಿಸಿಕೊಂಡಿರಲಾರರು. ಬಾಲಣ್ಣನಿಗೆ ಚಿಕ್ಕಂದಿನಿಂದ ಕಿವಿ ಮಂದ. ನಮ್ಮ ಅರಸೀಕೆರೆಯವರು. ಆ ಜಂಕ್ಷನ್ನಿನಲ್ಲಿ ರೈಲು ಕಾಯುತ್ತಾ ನಾವಿಬ್ಬರೂ ಎಷ್ಟು ಹೊತ್ತು ಕಳೆದಿದ್ದೇವೆ, ಒಂದು ಸಲವಾದರೂ ಇದು ಅವರ ಊರು ಅಂತ ಮಾತು ಬಂದಿದೆಯಾ? ಬಂದಿಲ್ಲ. ನಮ್ಮ ಗಮನ ಎಲ್ಲಿತ್ತು ಅಂತ ನಿನಗೆ ಗೊತ್ತು. ಎರಡನೇ ವಡೆ. ಅಷ್ಟೇ ಹೇಳುತ್ತೇನೆ, ಇಲ್ಲಿ ಹೆಂಗಸರೂ ಓದುತ್ತಾರೆ.

ಬಡತನದಲ್ಲಿ ಬೆಳೆದು, ನಾಟಕ ಕಂಪನಿ ಸೇರಿ, 1943ರ 'ರಾಧಾರಮಣ'ದಲ್ಲಿ ಸಿನಿಮಾಕ್ಕೆ ಬಂದವರು. ಅಲ್ಲಿಂದ 1995ರಲ್ಲಿ ತೀರಿಕೊಳ್ಳುವವರೆಗೆ ಐನೂರಕ್ಕೂ ಹೆಚ್ಚು ಚಿತ್ರ. ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತು ಶುರು ಮಾಡುತ್ತಿದ್ದರು ಅಂತ ಜೊತೆಗೆ ಕೆಲಸ ಮಾಡಿದವರು ಹೇಳುತ್ತಾ ಬಂದಿದ್ದಾರೆ. ಇದು ನಮಗೆಲ್ಲ ಗೊತ್ತಿದ್ದ ಕಥೆಯೇ. ಗೊತ್ತಿದ್ದೂ ನಾವು "ಪಾಪ, ಎಂಥ ಪ್ರತಿಭೆ" ಅಂದು ಮುಂದಿನ ವಿಡಿಯೋಗೆ ಹೋದವರು.

ನನಗೆ ಈಗ ತಲೆ ಕೊರೆಯುತ್ತಿರುವುದು ಬೇರೆ. ನಮ್ಮ ನಾಟಕಗಳಲ್ಲಿ ಕಿವುಡನ ಪಾತ್ರ ಅನ್ನೋದು ಹಳೇ ಸರಕು. ಇವನು ಒಂದು ಹೇಳಿದರೆ ಅವನು ಇನ್ನೊಂದು ಕೇಳಿಸಿಕೊಳ್ಳುವುದು, ಜನ ನಗುವುದು. ಬಾಲಣ್ಣ ಮನಸ್ಸು ಮಾಡಿದ್ದರೆ ಜೀವನಪೂರ್ತಿ ಅದನ್ನೇ ಮಾಡಿಕೊಂಡು ಊಟಕ್ಕೆ ದಾರಿ ಮಾಡಿಕೊಳ್ಳಬಹುದಿತ್ತು. ಆದರೆ ನಮ್ಮ ನೆನಪಲ್ಲಿ ಉಳಿದದ್ದು ಯಾವ ಬಾಲಣ್ಣ ಹೇಳು? ಚಾಡಿಕೋರ, ಮನೆಮುರುಕ ಮಾವ, ಅವರಿವರ ಗುಟ್ಟು ಕದ್ದು ಕೇಳಿ ಬೆಂಕಿ ಹಚ್ಚುವವನು. ಕಿವಿಯೇ ಬಂಡವಾಳ ಆಗಿರುವ ಪಾತ್ರಗಳು!

ಇನ್ನೊಂದು. ಕಂಪನಿ ನಾಟಕದಲ್ಲಿ ಹಾಸ್ಯ ಮಾಡುವವನಿಗೆ ಜನರ ನಗುವೇ ತಾಳ. ನಗು ಏರುವವರೆಗೆ ತಡೆದು ನಿಲ್ಲಬೇಕು, ಪೂರ್ತಿ ಆರಿಹೋಗುವ ಮೊದಲು ಮುಂದಿನ ಮಾತು ಎಸೆಯಬೇಕು. ಒಂಚೂರು ಬೇಗ ಆದರೆ ಮಾತು ನಗುವಿನಲ್ಲಿ ಮುಳುಗುತ್ತದೆ, ತಡವಾದರೆ ಸಪ್ಪೆ. ಕಿವಿ ಇಲ್ಲದೆ ಇದನ್ನು ಹೇಗೆ ಮಾಡಿದರು? ಮುಂದಿನ ಸಾಲಿನವರ ಭುಜ ಕುಲುಕುವುದನ್ನು ನೋಡಿಕೊಂಡಿರಬೇಕು ಅಂತ ನನ್ನ ಊಹೆ. ಸಿನಿಮಾಕ್ಕೆ ಬಂದ ಮೇಲೆ ಆ ರಗಳೆಯೇ ಇಲ್ಲ. ಕ್ಯಾಮೆರಾ ಓಡುವಾಗ ಲೈಟ್ ಬಾಯ್ ಕೂಡ ಕಿಸಕ್ ಅನ್ನುವ ಹಾಗಿಲ್ಲ. ನಗು ಬರುವುದು ತಿಂಗಳುಗಟ್ಟಲೆ ಆದಮೇಲೆ, ಎಲ್ಲೋ ಹುಬ್ಬಳ್ಳಿಯ ಟಾಕೀಸಿನಲ್ಲಿ. ಸೆಟ್ಟಿನಲ್ಲಿ ನರಸಿಂಹರಾಜು ಅವರಿಗೂ ನಗು ಕೇಳಿಸುತ್ತಿರಲಿಲ್ಲ. ಅಲ್ಲಿ ಹಾಸ್ಯನಟರೆಲ್ಲ ಕಿವುಡರೇ, ಬಾಲಣ್ಣ ಮಾತ್ರ ಅನುಭವಸ್ಥರು.

ಮೊನ್ನೆ 'ಬಂಗಾರದ ಮನುಷ್ಯ' ಮತ್ತೆ ಹಾಕಿಕೊಂಡು ನೋಡಿದೆ. 1972ರ ಚಿತ್ರ, ನಮ್ಮಪ್ಪನ ಕಾಲದ್ದು, ಗೊತ್ತಲ್ಲ. ಅದರಲ್ಲಿ ಬಾಲಣ್ಣ ರಾಚೂಟಪ್ಪ, ಕೇಡಿಗ ಅಲ್ಲ, ಅಪ್ಪಟ ಒಳ್ಳೆಯ ಮನುಷ್ಯ. ಈ ಸಲ ನಾನು ಅವರು ಮಾತಾಡುವಾಗ ನೋಡಲೇ ಇಲ್ಲ, ಬೇರೆಯವರು ಮಾತಾಡುವಾಗ ಅವರನ್ನು ನೋಡಿದೆ. ಕಣ್ಣು ಎದುರಿನವರ ಕಣ್ಣಿನ ಮೇಲಿಲ್ಲ. ಸ್ವಲ್ಪ ಕೆಳಗೆ, ಬಾಯಿಯ ಮೇಲೆ. ಕತ್ತು ಒಂದಿಷ್ಟು ಮುಂದಕ್ಕೆ. ನೋಡುವವರಿಗೆ ಅದು ಆಸ್ಥೆ. ಅದೇ ನೋಟವನ್ನು ಕೇಡಿಗನ ಪಾತ್ರಕ್ಕೆ ಹಾಕಿದರೆ ಕುತಂತ್ರ. ನನಗೆ ಆ ನೋಟ ಗುರುತು ಸಿಕ್ಕಿತು, ಯಾಕೆಂದರೆ ಈಚೆಗೆ ಎಲ್ಲರ ಫೋಟೋಗಳಲ್ಲಿ ನಾನೂ ಹಾಗೇ ಇದ್ದೇನೆ.

ಹೌದು ಕಣೋ. ಕಿವಿ.

ಟೆಸ್ಟ್ ಮಾಡಿಸಿದೆ. ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಡುತ್ತಾರೆ. ಸದ್ದು ಕೇಳಿದಾಗ ಒತ್ತಬೇಕು. ಏನೂ ಕೇಳಿಸದಿದ್ದಾಗ ನಾನು ಗಾಜಿನಾಚೆಯ ಹುಡುಗಿಯ ಕೈ ನೋಡಿಕೊಂಡು ಒತ್ತುತ್ತಿದ್ದೆ. ಅವಳಿಗೆ ಗೊತ್ತಾಗಿ ಕುರ್ಚಿ ತಿರುಗಿಸಿ ಕೂರಿಸಿದಳು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಚಾಳಿ ಇನ್ನೂ ಹೋಗಿಲ್ಲ ನೋಡು. ಕೊನೆಗೆ ಒಂದು ಗ್ರಾಫ್ ಕೊಟ್ಟರು. ಎಡಗಡೆ ಸಮ, ಬಲಕ್ಕೆ ಹೋಗುತ್ತಾ ಗೆರೆ ಕೆಳಗೆ ಜಾರಿದೆ. ಅಂದರೆ ದಪ್ಪ ದನಿ ಕೇಳುತ್ತದೆ, ತೆಳು ದನಿ ಹೋಗುತ್ತಿದೆ. ಸ್ವರ ಬರುತ್ತದೆ, ಸ, ಶ, ತ, ಕ ಇವೆಲ್ಲ ಕಳಚಿಕೊಳ್ಳುತ್ತವೆ. ಅದಕ್ಕೇ "ಕೇಳಿಸುತ್ತೆ, ಏನಂದರು ಅಂತ ಗೊತ್ತಾಗಲ್ಲ" ಅನ್ನೋ ಸ್ಥಿತಿ. ತುಟಿ ನೋಡಿಕೊಳ್ಳೋಣ ಅಂದರೆ ಅದೂ ಪೂರ್ತಿ ಕೈ ಹಿಡಿಯಲ್ಲ. ಪಾಪ, ಬಾಬಾ, ಮಾಮ, ಕನ್ನಡಿ ಮುಂದೆ ನಿಂತು ದನಿ ಮಾಡದೆ ಹೇಳಿ ನೋಡು. ಮೂರೂ ಒಂದೇ. ಬಾಲಣ್ಣ ಇಂಥದ್ದರಲ್ಲಿ ಐನೂರು ಸಿನಿಮಾ ಮಾಡಿದರು, ನನಗೆ ಒಂದು ಮದುವೆ ಮನೆ ಸಂಭಾಳಿಸಲು ಆಗುತ್ತಿಲ್ಲ.

ನಮ್ಮ ಗುಂಪಿನಲ್ಲಿ ನಾನೇ ತಮಾಷೆಯವನು, ಅಲ್ವಾ? "ಇವನು ಶುರು ಮಾಡಿದರೆ ಇನ್ನೊಬ್ಬರಿಗೆ ಬಾಯಿ ಬಿಡೋಕೆ ಬಿಡಲ್ಲ" ಅಂತ ಬೈಯುತ್ತೀರಿ. ಕಾರಣ ಹೇಳಲಾ? ನಾನು ಮಾತಾಡುತ್ತಿರುವಷ್ಟು ಹೊತ್ತು ನನಗೆ ಏನೂ ಕೇಳಿಸಿಕೊಳ್ಳಬೇಕಾಗಿಲ್ಲ. ನೀವೆಲ್ಲ ನಗುತ್ತಿರುತ್ತೀರಿ, ಅದು ಕಾಣಿಸುತ್ತದೆ. ಬೇರೆ ಯಾರಾದರೂ ಜೋಕ್ ಹೇಳಿದರೆ ಮಾತ್ರ ಕಷ್ಟ. ಎಲ್ಲರ ಮುಖ ನೋಡಿಕೊಂಡು, ಒಂದು ಗಳಿಗೆ ತಡವಾಗಿ ನಾನೂ ನಗುತ್ತೇನೆ. ನೀನು ಫೋನ್ ಮಾಡಿದಾಗ "ಮೀಟಿಂಗ್‌ನಲ್ಲಿದ್ದೀನಿ, ಮೆಸೇಜ್ ಹಾಕು" ಅನ್ನುತ್ತೇನಲ್ಲ, ನಮ್ಮ ಆಫೀಸಿನಲ್ಲಿ ಅಷ್ಟು ಮೀಟಿಂಗ್ ಎಲ್ಲಿ ಗುರುವೇ?

ಮಗಳದ್ದು ತೆಳು ದನಿ. ಹಾಸ್ಟೆಲಿನಿಂದ ರಾತ್ರಿ ಫೋನ್ ಮಾಡುತ್ತಾಳೆ. ನಾನು ಹೂಂ, ಹೂಂ ಅನ್ನುತ್ತೇನೆ, ಆಮೇಲೆ ಅವಳಮ್ಮನ ಹತ್ತಿರ ಏನಂದಳು ಅಂತ ಕೇಳುತ್ತೇನೆ. ಈಚೆಗೆ ಅವಳು ನೇರವಾಗಿ ಅವಳಮ್ಮನಿಗೇ ಮಾಡುತ್ತಿದ್ದಾಳೆ. "ಅಪ್ಪ ಯಾವಾಗಲೂ ಬ್ಯುಸಿ" ಅಂತ ಅಂದುಕೊಂಡಿದ್ದಾಳೆ. ಹಾಗೇ ಅಂದುಕೊಳ್ಳಲಿ ಅಂತ ನಾನೂ ಸುಮ್ಮನಿದ್ದೇನೆ.

ಸಾಕು. ಬಾಲಣ್ಣನ ಬಗ್ಗೆ ಬರೆಯಲು ಕೂತವನು ನಾನು.

ಅವರು ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ 1960ರಲ್ಲಿ 'ರಣಧೀರ ಕಂಠೀರವ' ಮಾಡಿದವರು. ಕನ್ನಡ ಸಿನಿಮಾ ಅಂದರೆ ಮದ್ರಾಸು ಅನ್ನುವ ಕಾಲದಲ್ಲಿ ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟು ಸಾಲದಲ್ಲಿ ಒದ್ದಾಡಿದವರು. ಇವತ್ತು ಆ ಹೆಸರು ಹೇಳಿದರೆ ಜನಕ್ಕೆ 2009ರಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದ ಜಾಗ ಅಂತ ನೆನಪು. ಕಟ್ಟಿದವರ ಸುದ್ದಿ ಎತ್ತುವವರು ಕಡಿಮೆ. ನಮಗಂತೂ ಅವರ ದನಿ ಸಾಕು, ಮಿಮಿಕ್ರಿಗೆ.

ಕಿವಿ ಮಷೀನ್ ಹಾಕಿಸಿಕೊಳ್ಳಿ ಅಂದಿದ್ದಾರೆ. ಅದರ ಬೆಲೆ ಹೇಳಿದ್ದು ಮಾತ್ರ ಒಂದಕ್ಷರವೂ ಬಿಡದೆ ಕೇಳಿಸಿತು. ತೊಗೊಳ್ಳುತ್ತೇನೆ, ದೀಪಾವಳಿ ಬೋನಸ್ ಬರಲಿ. ಅಲ್ಲಿವರೆಗೆ ಫೋನ್ ಬೇಡ, ವಿಡಿಯೋ ಕಾಲ್ ಮಾಡು. ಮಾಡುವ ಮೊದಲು ಆ ನಿನ್ನ ಮೀಸೆ ಒಂಚೂರು ಕತ್ತರಿಸಿಕೋ ಮಾರಾಯ, ಅದರ ಹಿಂದೆ ತುಟಿ ಇದೆಯೋ ಇಲ್ಲವೋ ಅನ್ನೋದೇ ಅನುಮಾನ. ಮತ್ತೆ ಕಾಮೆಂಟಿನಲ್ಲಿ ಶಾನುಭೋಗರ ಛತ್ರಿ ವಿಷಯ ಎತ್ತಿದರೆ ಬ್ಲಾಕ್ ಮಾಡುತ್ತೇನೆ.

ನಿನ್ನ,
ಕೆಪ್ಪ