ಮಗಳಿಗೊಂದು ಪತ್ರ: ಕಾಲೂ ಕಾಣಿಸಲಿ

ಪ್ರೀತಿಯ ಪುಟ್ಟಿ,

ಗುರುವಾರ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡುವಾಗ ನಾನು ಇರೋದು ಬೇಡ ಅಂದೆ. ಸರಿ, ಇರಲ್ಲ. ಮೊನ್ನೆ ಫೋನಿನಲ್ಲಿ ದನಿ ಏರಿತು, ಮನಸ್ಸಿಗೆ ಹಚ್ಚಿಕೋಬೇಡ. ಊರು ಬಿಟ್ಟು ಹೋದರೂ ಅದೇ ಡಾಕ್ಟರನ್ನೇ ನೋಡ್ತೀನಿ, ಮಾತ್ರೆ ನಾನೇ ನೋಡಿಕೊಳ್ತೀನಿ ಅಂದೆಯಲ್ಲ, ಅದು ಕೇಳಿ ಒಳಗೊಳಗೇ ಹೆಮ್ಮೆ ಆಯ್ತು. ಆ ಮಳೆಗಾಲದ ವಿಷಯ ಎತ್ತಲ್ಲ. ಇಬ್ಬರಿಗೂ ಗೊತ್ತಿರೋದೇ.

ನನ್ನನ್ನು ಕೊರೆಯುತ್ತಿರೋದು ಒಂದೇ. ಕ್ಯಾಮೆರಾದಲ್ಲಿ ನಿನ್ನ ಮುಖ ಕಾಣುತ್ತೆ, ಭುಜ ಕಾಣುತ್ತೆ. ಕಾಲು ಕಾಣಲ್ಲ.

ಮನಸ್ಸಿನ ಏರಿಳಿತಕ್ಕೆ ನೀನು ತಗೊಳ್ಳೋ ಲಿಥಿಯಂ ಮಾತ್ರೆ ಜೊತೆಗೆ ಈಗ ಅರಿಪಿಪ್ರಜೋಲ್ ಅನ್ನೋ ಇನ್ನೊಂದು ಮಾತ್ರೆ ಶುರುವಾಗಿದೆ. ಅದರಲ್ಲಿ ಕೆಲವರಿಗೆ ಅಕಥೀಸಿಯಾ ಬರುತ್ತೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕಾಲು ತಾನಾಗಿ ಅಲುಗುತ್ತೆ, ನಿಂತಲ್ಲೇ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತೆ, ಆಮೇಲೆ ಕೋಣೆಯಲ್ಲಿ ಶತಪಥ. ಆಸ್ಪತ್ರೆಗೆ ಹೋದರೆ ಬಾಗಿಲಿನಿಂದ ಕುರ್ಚಿಯವರೆಗಿನ ನಡಿಗೆಯಲ್ಲೇ ಡಾಕ್ಟರಿಗೆ ಅರ್ಧ ಗೊತ್ತಾಗಿರುತ್ತೆ. ಪರದೆಯ ಮೇಲೆ ಆ ನಡಿಗೆಯೇ ಇಲ್ಲ. ಲಿಂಕ್ ಒತ್ತಿದರೆ ನೀನು ಆಗಲೇ ಕೂತಿರ್ತೀಯ.

ಮುಂದಿನದು ನನಗೆ ಇನ್ನೂ ಭಯ. ಕಾಲಿನ ಚಡಪಡಿಕೆಯನ್ನು ಯಾರೂ 'ಕಾಲು' ಅಂತ ಹೇಳಲ್ಲ. "ತುಂಬಾ ಟೆನ್ಷನ್, ನಿದ್ದೆ ಬರ್ತಿಲ್ಲ, ಒಳಗೆ ಏನೋ ಆಗ್ತಿದೆ" ಅಂತಾರೆ. ಮುಖ ಮಾತ್ರ ಕಾಣುವ ಡಾಕ್ಟರಿಗೆ ಅದು ಆತಂಕದ ಹಾಗೆ ಕೇಳಿಸುತ್ತೆ, ಕಾಯಿಲೆ ಮತ್ತೆ ಏರುತ್ತಿದೆ ಅಂತಲೂ ಅನ್ನಿಸಬಹುದು. ಆಗ ಅದೇ ಮಾತ್ರೆಯ ಡೋಸ್ ಏರುತ್ತೆ, ಚಡಪಡಿಕೆ ಇನ್ನೂ ಏರುತ್ತೆ. ಆ ಸ್ಥಿತಿಯಲ್ಲಿ ಕೆಲವರಿಗೆ ಸಾಯಬೇಕು ಅನ್ನೋ ಯೋಚನೆ ಬರುತ್ತೆ. ನಿನಗೆ ಬರುತ್ತೆ ಅಂತ ಹೇಳ್ತಿಲ್ಲ. ಬಂದರೆ ಅದು ಮಾತ್ರೆ ಆಡಿಸುವ ಆಟವೂ ಆಗಿರಬಹುದು, ಅದಕ್ಕೆ ಮದ್ದು ಇದೆ ಅಂತ ನಿನಗೆ ಮೊದಲೇ ತಿಳಿದಿರಲಿ ಅಂತ ಬರೀತಿದೀನಿ. ಅಂಥ ಯೋಚನೆ ಬಂದ ದಿನ ಗುರುವಾರಕ್ಕೆ ಕಾಯೋ ಮಾತಿಲ್ಲ. ಆಗಲೇ ಡಾಕ್ಟರಿಗೆ ಫೋನ್ ಮಾಡು, ಸಿಗದಿದ್ದರೆ ನೇರ ಎಮರ್ಜೆನ್ಸಿಗೆ ಹೋಗು.

ಆತಂಕ ಯಾವುದು, ಈ ಚಡಪಡಿಕೆ ಯಾವುದು ಅಂತ ಹೇಗೆ ಬೇರೆ ಮಾಡೋದು? ಆತಂಕ ಸಾಮಾನ್ಯವಾಗಿ ಯಾವುದಾದರೂ ಯೋಚನೆಗೆ ಅಂಟಿಕೊಂಡಿರುತ್ತೆ. ಚಡಪಡಿಕೆಗೆ ಯೋಚನೆಯೇ ಬೇಕಿಲ್ಲ, ಮೈಯೇ ಓಡಾಡು ಅನ್ನುತ್ತೆ, ಓಡಾಡಿದರೆ ಸ್ವಲ್ಪ ಹೊತ್ತು ಹಗುರ. ಮೊದಲ ವಾರ ಏನೂ ಇರಲಿಲ್ಲ, ಹಾಗಾಗಿ ಮಾತ್ರೆಯದ್ದಲ್ಲ ಅಂದುಕೋಬೇಡ. ಅರಿಪಿಪ್ರಜೋಲ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 75 ಗಂಟೆ ಬೇಕು. ಆದ್ದರಿಂದ ಅದೇ ಡೋಸಿನಲ್ಲೂ ರಕ್ತದ ಮಟ್ಟ ಸುಮಾರು ಎರಡು ವಾರ ಏರುತ್ತಲೇ ಹೋಗುತ್ತೆ. ಇಳಿಯೋದೂ ಅಷ್ಟೇ ನಿಧಾನ. ಡೋಸ್ ಕಡಿಮೆ ಮಾಡಿದ ಮರುದಿನವೇ ಸರಿಹೋಗಲಿಲ್ಲ ಅಂತ ಗಾಬರಿಯಾಗಬೇಡ. ನೀನಾಗಿ ನಿಲ್ಲಿಸಲೂ ಬೇಡ. ಡೋಸ್ ಇಳಿಸೋದು, ಮಾತ್ರೆ ಬದಲಿಸೋದು, ಚಡಪಡಿಕೆ ತಗ್ಗಿಸೋ ಪ್ರೊಪ್ರನೊಲಾಲ್ ಅನ್ನೋ ಮಾತ್ರೆ ಸೇರಿಸೋದು, ಈ ದಾರಿಗಳೆಲ್ಲ ಡಾಕ್ಟರ ಹತ್ತಿರ ಇವೆ. ಪ್ರೊಪ್ರನೊಲಾಲ್ ಮಾತು ಬಂದರೆ ಚಿಕ್ಕಂದಿನ ಉಬ್ಬಸದ ವಿಷಯ ಹೇಳು, ಉಬ್ಬಸ ಇರುವವರಿಗೆ ಅದು ಆಗಿಬರಲ್ಲ.

1989ರಲ್ಲಿ ಬಾರ್ನ್ಸ್ ಅನ್ನೋ ಡಾಕ್ಟರು ಈ ಚಡಪಡಿಕೆ ಅಳೆಯಲು ಒಂದು ಮಾಪಕ ಮಾಡಿದರು. ಕೂತಾಗ ಕನಿಷ್ಠ ಎರಡು ನಿಮಿಷ, ನಿಂತಾಗ ಕನಿಷ್ಠ ಎರಡು ನಿಮಿಷ, ಲೋಕಾಭಿರಾಮವಾಗಿ ಮಾತಾಡಿಸುತ್ತಾ ನೋಡಬೇಕು. ಅಷ್ಟೇ. ಇದು ವಿಡಿಯೋದಲ್ಲೂ ಆಗುತ್ತೆ, ಕ್ಯಾಮೆರಾ ದೂರ ಇದ್ದರೆ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಕುರ್ಚಿಯನ್ನು ಆರೇಳು ಅಡಿ ಹಿಂದಕ್ಕೆ ಹಾಕು. ಪಾದ ಪರದೆಯೊಳಗೆ ಬಂತಾ ಅಂತ ಮೊದಲೇ ನೋಡಿಕೋ. ಮೈಕು ದೂರವಾಗುತ್ತೆ, ಇಯರ್‌ಫೋನ್ ಹಾಕಿಕೋ. ಡಾಕ್ಟರು ಕೇಳದಿದ್ದರೂ "ಸ್ವಲ್ಪ ನನ್ನ ಕಾಲು ನೋಡಿ" ಅಂತ ನೀನೇ ಹೇಳು. ಅದಾದ ಮೇಲೆ ಹತ್ತಿರ ಬಾ, ಮುಖವೂ ಅವರಿಗೆ ಬೇಕು. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಬರೀ ನೆರಳು.

ಮೊಬೈಲನ್ನು ಕೈಯಲ್ಲಿ ಹಿಡಿದು ಮಾತಾಡಲೇಬೇಡ. ಲಿಥಿಯಂ ಸಣ್ಣ ನಡುಕ ತರುತ್ತೆ, ಚಿತ್ರವೇ ಅಲುಗುತ್ತಿದ್ದರೆ ನಡುಕ ಯಾವುದು ಅಂತ ಯಾರಿಗೆ ಗೊತ್ತಾಗುತ್ತೆ? ನೆಟ್ ಕುಂಟುತ್ತಿದ್ದರೆ ಆ ನಡುಕ ಪರದೆಯಲ್ಲಿ ಅಳಿಸಿಯೇ ಹೋಗುತ್ತೆ. ಎರಡೂ ಕೈ ಮುಂದೆ ಚಾಚಿ ಬೆರಳ ಮೇಲೆ ಒಂದು ಕಾಗದ ಇಟ್ಟು ತೋರಿಸು. ನೆಟ್ ನಿಧಾನ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಮೌನವನ್ನು ಅವರು ಗಮನಿಸುತ್ತಾರೆ. ನೆಟ್ಟಿನ ತಡವನ್ನು ಖಿನ್ನತೆಯ ನಿಧಾನ ಅಂತಲೋ, ಮಾತಿಗೆ ಮಾತು ಬಡಿದಾಡಿದ್ದನ್ನು ಉನ್ಮಾದದ ಅವಸರ ಅಂತಲೋ ಅಂದುಕೊಂಡುಬಿಟ್ಟರೆ ಕಷ್ಟ.

ಲಿಥಿಯಂ ಮಟ್ಟ ನೋಡೋ ರಕ್ತಪರೀಕ್ಷೆಯನ್ನು ಈಗ ನೀನೇ ಮಾಡಿಸಬೇಕು. ಕೊನೆಯ ಡೋಸ್ ತಗೊಂಡು 12 ಗಂಟೆ ಆದಾಗ ರಕ್ತ ಕೊಡು. ರಾತ್ರಿ ಒಂಬತ್ತಕ್ಕೆ ತಗೊಂಡರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆಯೇ. ಲ್ಯಾಬಿನವರು ಲಿಥಿಯಂ ಹೆಪಾರಿನ್ ಇರುವ ಟ್ಯೂಬಿನಲ್ಲಿ ರಕ್ತ ತೆಗೆದರೆ, ಟ್ಯೂಬಿನ ಲಿಥಿಯಮ್ಮೇ ಸೇರಿಕೊಂಡು ಮಟ್ಟ ಸುಳ್ಳು ಸುಳ್ಳೇ ಏರುತ್ತೆ. ಸಾಮಾನ್ಯವಾಗಿ ಅದರ ಮುಚ್ಚಳ ಹಸಿರು. "ಇದು ಲಿಥಿಯಂ ಪರೀಕ್ಷೆ, ಬೇರೆ ಟ್ಯೂಬ್" ಅಂತ ಮೊದಲೇ ಹೇಳು. ವರದಿ, ತೂಕ, ಬಿಪಿ ಎಲ್ಲ ಹಿಂದಿನ ದಿನವೇ ಕಳಿಸು. ಪರದೆಯ ಮುಂದೆ ಹುಡುಕಾಡುತ್ತಾ ಕೂತರೆ ಅಪಾಯಿಂಟ್‌ಮೆಂಟ್ ಅಲ್ಲೇ ಮುಗಿಯುತ್ತೆ.

ತಲೆನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ಲಿಥಿಯಂ ಮಟ್ಟ ಏರಿಸುತ್ತವೆ. ಪ್ಯಾರಾಸಿಟಮಾಲ್ ಪರವಾಗಿಲ್ಲ. ಇದ್ದಕ್ಕಿದ್ದಂತೆ ಉಪ್ಪು ಬಿಡಬೇಡ. ನಡುಕ ಜೋರಾದರೆ, ವಾಂತಿ ಭೇದಿ ಆದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಅದು ಲಿಥಿಯಂ ಮೈಯಲ್ಲಿ ಹೆಚ್ಚಾದ ಗುರುತಿರಬಹುದು, ವಿಡಿಯೋಗೂ ಕಾಯಬೇಡ, ಲಿಥಿಯಂನ ಮುಂದಿನ ಡೋಸನ್ನೂ ತಗೋಬೇಡ, ಸೀದಾ ಆಸ್ಪತ್ರೆ. ಗೊತ್ತು, ಇದು ಪತ್ರ ಹೋಗಿ ಪಾಠ ಆಯ್ತು. ಬರೆಯದೆ ಇರಲಾಗಲಿಲ್ಲ ಕಣೇ.

ಅರಿಪಿಪ್ರಜೋಲಿನಿಂದ ಕೆಲವರಿಗೆ ಬರೋ ಕೈಕಾಲಿನ ಬಿಗಿತವನ್ನು ಮಾತ್ರ ವಿಡಿಯೋದಲ್ಲಿ ನೋಡಲಾಗಲ್ಲ, ಡಾಕ್ಟರು ಕೈ ಹಿಡಿದು ಮಡಚಿಯೇ ನೋಡಬೇಕು. ಎದುರು ಹೋಗಿ ಕೂರಲು ಒಂದು ದಿನ ಗುರುವಾರವೇ ಕೇಳಿಟ್ಟುಕೋ.

ಪ್ರತಿ ಸಲ ಶುರುವಿನಲ್ಲೇ "ಈಗ ಎಲ್ಲಿದೀರಾ?" ಅಂತ ಕೇಳುತ್ತಾರೆ. ರೇಗಬೇಡ. ಏನಾದರೂ ಆದರೆ ಆಂಬುಲೆನ್ಸ್ ಕಳಿಸಲು ಅವರಿಗೆ ಅದೊಂದೇ ದಾರಿ. ಮನೆ ನಂಬರು, ಮಹಡಿ ಸಮೇತ ಹೇಳು. ಪಕ್ಕದ ಕೋಣೆಯಲ್ಲಿ ಯಾರಾದರೂ ಇದ್ದರೆ ಅದನ್ನೂ ಹೇಳು, ಆಗ ಅವರು ಹೌದು, ಇಲ್ಲ ಅಂದರೆ ಸಾಕಾಗುವಂಥ ಪ್ರಶ್ನೆ ಕೇಳಬಹುದು. ಲೈನ್ ಕಟ್ಟಾದರೆ ಯಾವ ಫೋನಿಗೆ ಕರೆಯಬೇಕು ಅಂತ ಮೊದಲೇ ಮಾತಾಗಿರಲಿ.

ತುರ್ತು ಸಂಪರ್ಕ ಅಂತ ಒಂದು ಜಾಗ ಇರುತ್ತೆ. ಅಲ್ಲಿ ನನ್ನ ನಂಬರ್ ಬರೀಬೇಡ. ಇಷ್ಟು ದೂರದಿಂದ ನಾನು ಬರೋ ಹೊತ್ತಿಗೆ ಏನು ಪ್ರಯೋಜನ? ನಿನ್ನ ಜೊತೆ ಇರುವ ಹುಡುಗಿಯನ್ನು ಕೇಳಿ, ಅವಳು ಒಪ್ಪಿದರೆ ಅವಳ ನಂಬರ್ ಹಾಕು, ಹತ್ತು ನಿಮಿಷದಲ್ಲಿ ಬಾಗಿಲು ತಟ್ಟುವವಳು ಅವಳು. ಇನ್ನೊಂದು ಸಾಲು ಖಾಲಿ ಇದ್ದರೆ ಅಲ್ಲಿ ನನ್ನದು ಬರಿ.

ಇಂತಿ,
ಅಮ್ಮ