ಆಕ್ಸಿಲರಿ ಬ್ಯಾಟರಿ ಬಿಚ್ಚುವ ಮುನ್ನ

ಎಲ್ಲ ಸದಸ್ಯರ ಗಮನಕ್ಕೆ:

ಎರಡು ಬ್ಯಾಟರಿ ಇರುವ ಗಾಡಿಯಲ್ಲಿ ಮುಖ್ಯ ಬ್ಯಾಟರಿ ಒಂದನ್ನೇ ಬಿಚ್ಚಿದರೆ ಸಾಲದು. ಆಕ್ಸಿಲರಿಯಿಂದ, ಅಂದರೆ ಎರಡನೆಯ ಸಹಾಯಕ ಬ್ಯಾಟರಿಯಿಂದ, ವೈರಿಂಗ್‌ಗೆ ಕರೆಂಟ್ ಬರುತ್ತಲೇ ಇರಬಹುದು. ಎರಡರ ನೆಗೆಟಿವ್ ಕೂಡ ಬಿಚ್ಚಿ.

ಇಗ್ನಿಷನ್ ಆಫ್ ಮಾಡಿ, ರಿಮೋಟ್ ಕೀ ದೂರ ಇಟ್ಟು, ಹತ್ತು ನಿಮಿಷವಾದರೂ ಕಾಯಿರಿ. ಗಾಡಿಯ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್‌ಗಳು ಪೂರ್ತಿ ಆಫ್ ಆಗುವ ಮೊದಲೇ ಬಿಚ್ಚಿದರೆ ಎರರ್ ಕೋಡ್ ಉಳಿದುಬಿಡಬಹುದು. ಆಮೇಲೆ ನೆಗೆಟಿವ್ ಮೊದಲು, ಪಾಸಿಟಿವ್ ನಂತರ; ಸಾಮಾನ್ಯವಾಗಿ 10 ಎಂಎಂ ಸ್ಪ್ಯಾನರ್ ಸಾಕು. ಈ ಕ್ರಮ ಮಾತ್ರ ದಯವಿಟ್ಟು ಬದಲಿಸಬೇಡಿ. ನೆಗೆಟಿವ್ ಗಾಡಿಯ ಲೋಹದ ಬಾಡಿಯ ಜೊತೆ ಸೇರಿರುತ್ತದೆ. ಅದು ಇರುವಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಆ ಲೋಹಕ್ಕೆ ತಗುಲಿದರೆ ನೇರ ಶಾರ್ಟ್, ಕೈ ಸುಡುತ್ತದೆ. ಉಂಗುರ, ವಾಚ್ ತೆಗೆದಿಡಿ. ಬಿಚ್ಚಿದ ಕೇಬಲ್ ತುದಿಯ ಕ್ಲಾಂಪ್‌ಗೆ ಒಣ ಬಟ್ಟೆ ಸುತ್ತಿ.

ನೆಗೆಟಿವ್ ಕ್ಲಾಂಪ್ ಮೇಲೆ ಸೆನ್ಸರ್ ಇದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಒಡೆಯುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಡಿಕ್ಕಿ ತೆರೆದೇ ಇರಲಿ. ಎಲೆಕ್ಟ್ರಿಕ್ ಲಾಕ್ ಬಿದ್ದುಬಿಟ್ಟರೆ ಮತ್ತೆ ತೆರೆಯುವುದು ಕಷ್ಟ. ಹೈಬ್ರಿಡ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ, ಅದು ಹೈ ವೋಲ್ಟೇಜ್.

ಮರಳಿ ಕೂರಿಸುವಾಗ ಪಾಸಿಟಿವ್ ಮೊದಲು. ಗ್ಯಾಸ್ ಹೊರಹೋಗುವ ಸಣ್ಣ ಪೈಪ್ ಇದ್ದರೆ ಮರೆಯದೆ ಸಿಕ್ಕಿಸಿ. ಕಿಟಕಿಯ ಆಟೋ ಸೆಟ್ಟಿಂಗ್, ಗಡಿಯಾರ ಮತ್ತೆ ಹೊಂದಿಸಬೇಕಾಗಬಹುದು.