ಹಾಡಿನ ವಂಶ ಹುಡುಕೋದು ಹೆಂಗ: ಗೆಳೆಯನಿಗೊಂದು ಪತ್ರ

ಧಾರವಾಡ

ಪ್ರೀತಿಯ ಗೆಳೆಯಾ,

‘ಭಾಗ್ಯದ ಲಕ್ಷ್ಮೀ ಬಾರಮ್ಮ’ದ ಚರಿತ್ರೆ ಬರೀತೀನಿ ಅಂದಿ. ಭಾಳ ಖುಷಿ ಆತು. ಆದ್ರ ಹಾಡಿದವರ ಹೆಸರು ಕೂಡಿಸ್ಕೋತ ಕೂಡಬ್ಯಾಡ. ಮೊದಲ, ‘ಹಲ್ಲೆಲೂಯಾ’ ಅನ್ನೋ ಒಂದೇ ಇಂಗ್ಲಿಷ್ ಹಾಡಿನ ಮ್ಯಾಲೆ ಅಮೆರಿಕಾದ ಸಂಗೀತ ಪತ್ರಕರ್ತ ಅಲನ್ ಲೈಟ್ 2012ರಾಗ ತಂದ ಪುಸ್ತಕ ಓದು.

ಅದನ್ನ ಬರೆದ ಕೆನಡಾದ ಕವಿ-ಗಾಯಕ ಲೆನರ್ಡ್ ಕೊಹೆನ್ 1984ರ ಆಲ್ಬಮ್ಮಿಗೆ ಹಾಡಿದಾಗ ಅದಕ್ಕ ನಾಲ್ಕು ನುಡಿ. ಆ ಆಲ್ಬಮ್ಮನ್ನ ಅಮೆರಿಕಾದಾಗ ಹೊರಗ ತರಾಕ ಕೊಲಂಬಿಯಾ ರೆಕಾರ್ಡ್ ಕಂಪನಿ ಒಪ್ಪಲಿಲ್ಲ. ಮುಂದ ವೇಲ್ಸಿನ ಗಾಯಕ ಜಾನ್ ಕೇಲ್ ಹಾಡಿನ ಸಾಹಿತ್ಯ ಕೇಳಿದ್ರ ಕೊಹೆನ್ 15 ಪುಟ ಫ್ಯಾಕ್ಸ್ ಕಳಿಸಿದ್ರು. ಕೇಲ್ ಆಲ್ಬಮ್ಮಿನ ಮೊದಲಿನ ಎರಡು ನುಡಿ ಇಟ್ಟುಕೊಂಡು, ಅದರಾಗ ಇಲ್ಲದ ಮೂರು ಕೂಡಿಸಿ, 1991ರಾಗ ಬರೇ ಪಿಯಾನೋ ಮ್ಯಾಲೆ ಹಾಡಿದ್ರು. 1994ರಾಗ ಅಮೆರಿಕಾದ ಗಾಯಕ ಜೆಫ್ ಬಕ್ಲಿ ಗಿಟಾರ್ ಹಿಡಿದು ಹಾಡಿದ್ದೂ ಅದೇ ಐದು. ಮುಂದಿನವರು ಭಾಳ ಮಂದಿ ಇವರಿಬ್ಬರ ದಾರಿ ಹಿಡಿದ್ರು. ಅಂದ್ರ ಬರೆದವರು ಕೊಹೆನ್, ಜಗತ್ತಿನ ಕಿವಿಗೆ ಜೋಡಿಸಿ ಕೊಟ್ಟವರು ಕೇಲ್. ಆ ಹಾಡಿನ ಚರಿತ್ರೆಯ ಜೀವಾಳ ಇದು.

ನಿನ್ನ ಹಾಡಿಗೂ ಇದೇ ಲೆಕ್ಕ ಹಚ್ಚು. ಒಂದು ಪಟ್ಟಿ ಹಾಕು: ಅಡ್ಡ ಸಾಲಿಗೊಂದು ಧ್ವನಿಮುದ್ರಣ, ಉದ್ದ ಕಂಬಕ್ಕೊಂದು ನುಡಿ. ಹಾಡಿದ ಕ್ರಮದ ಅಂಕಿ ಬರಿ, ಬಿಟ್ಟಲ್ಲಿ ಸೊನ್ನೆ. ಇಬ್ಬರು ಒಂದೇ ನುಡಿ ಬಿಟ್ಟಾರಂತ ನಂಟು ಕಟ್ಟಬ್ಯಾಡ. ನಿಮಿಷಕ್ಕ 78 ಸಲ ತಿರುಗೋ 10 ಇಂಚಿನ ಹಳೇ ಗ್ರಾಮಫೋನ್ ತಟ್ಟೆಯ ಒಂದು ಮಗ್ಗಲಿಗೆ ಹಿಡಿಸೂದೇ ಸುಮಾರು 3 ನಿಮಿಷ. ಜಾಗ ಇಲ್ಲದ್ದಕ್ಕ ಬಿಟ್ಟಿರಬಹುದು. ಬ್ಯಾರೆ ಎಲ್ಲೂ ಕೇಳದ ಪಾಠಭೇದ, ಅಂದ್ರ ಸಾಹಿತ್ಯದಾಗಿನ ಮಾತಿನ ವ್ಯತ್ಯಾಸ, ಇಬ್ಬರ ಬಾಯಾಗೂ ಬಂತಂದ್ರ ಅದು ಗಟ್ಟಿ ಸುಳಿವು.

ಪಟ್ಟಿಯಾಗ ರಾಗಕ್ಕೂ ಒಂದು ಕಂಬ ಇಡು, ಆದ್ರ ಅದಕ್ಕ ತಟ್ಟೆಯ ಹೊದಿಕೆಯ ಮ್ಯಾಲಿನ ಹೆಸರು ಸಾಲೂದಿಲ್ಲ. ಈ ಹಾಡಿಗೆ ಒಂದು ಕಡೆ ಶ್ರೀರಾಗ ಅಂತಿರ್ತದ, ಇನ್ನೊಂದು ಕಡೆ ಮಧ್ಯಮಾವತಿ. ಅವರೋಹಣ, ಅಂದ್ರ ಸ್ವರ ಇಳಿಯೋ ಕ್ರಮ, ಕಿವಿಗೊಟ್ಟು ಕೇಳು: ರಿಷಭದ ಸುತ್ತ ಗಾಂಧಾರ ಸುಳೀತಂದ್ರ ಶ್ರೀ, ಸ ರಿ ಮ ಪ ನಿ ಇಷ್ಟರಾಗೇ ಮುಗೀತಂದ್ರ ಮಧ್ಯಮಾವತಿ, ನಮ್ಮ ಹಿಂದೂಸ್ತಾನಿ ಕಿವಿಗೆ ಮಧಮಾದ ಸಾರಂಗ. ನಿಮ್ಮ ಗದಗ ಜಿಲ್ಲೆಯವರೇ ಆದ ಭೀಮಸೇನ ಜೋಶಿಯವರ ದಾಸವಾಣಿಯನ್ನೂ ಕರ್ನಾಟಕಿ ಗಾಯಕರನ್ನೂ ಬ್ಯಾರೆ ಬ್ಯಾರೆ ಪಟ್ಟಿಯಾಗ ಇಡು, ಆಮ್ಯಾಲೆ ತಾಳೆ ನೋಡು.

ಹೊದಿಕೆ ನಂಬಿದ್ರ ಏನಾಗ್ತದ ಅನ್ನಾಕ 2001ರ ‘ಶ್ರೆಕ್’ ಅನ್ನೋ ಕಾರ್ಟೂನ್ ಸಿನಿಮಾ ಸಾಕ್ಷಿ. ಸಿನಿಮಾದಾಗ ‘ಹಲ್ಲೆಲೂಯಾ’ಕ್ಕ ಕೇಳೋದು ಕೇಲ್ ದನಿ, ಅದರ ಹಾಡಿನ ಸೀಡಿಯಾಗ ಇರೋದು ರೂಫಸ್ ವೇನ್‌ರೈಟ್ ಅನ್ನೋ ಇನ್ನೊಬ್ಬ ಗಾಯಕನ ದನಿ. ಸೀಡಿ ಒಂದನ್ನೇ ನೋಡಿ ಬರೆದವರು ಎಡವೂದು ಇಲ್ಲೇ. ಹಂಗಂತ ಯೂಟ್ಯೂಬಿನ ತಾರೀಖನ್ನೂ ಧ್ವನಿಮುದ್ರಣದ ತಾರೀಖಂತ ಹಿಡೀಬ್ಯಾಡ. ಹಳೇ ತಟ್ಟೆ ಸಿಕ್ಕರ ನಡುವಿನ ಚೀಟಿಯ ಮ್ಯಾಲಿನ ಮಾರಾಟದ ನಂಬರಿನ ಜೋಡಿ, ಚೀಟಿಯ ಸುತ್ತಲಿನ ಖಾಲಿ ಜಾಗದಾಗ ಒತ್ತಿದ ಮ್ಯಾಟ್ರಿಕ್ಸ್ ನಂಬರನ್ನೂ, ಅಂದ್ರ ತಟ್ಟೆಯ ಅಚ್ಚಿನ ನಂಬರನ್ನೂ ಬರಕೋ. ಧ್ವನಿಮುದ್ರಣದ ಜಾಡು ಹಿಡಿಯಾಕ ಅದೇ ಹೆಚ್ಚು ಉಪಯೋಗ.

ಇನ್ನ ಶುಕ್ರವಾರ ಮನ್ಯಾಗ ಹಾಡೋ ಹೆಣ್ಣಮಕ್ಕಳನ್ನ ಬಿಟ್ಟು ಪುಸ್ತಕ ಮುಗಿಸಬ್ಯಾಡ. ಅವರಿಗೆ 3 ನಿಮಿಷದ ಕಟ್ಟಿಲ್ಲ. ಮೊದಲ ಹಾಡಿಸು, ಆಮ್ಯಾಲೆ ಓದಿಸು. ಧಾಟಿ ಬಿಟ್ಟು ಬರೇ ಮಾತಾಗಿ ಹೇಳೂ ಅಂದ್ರ ನುಡಿ ಹಿಂದಮುಂದ ಆಗ್ತಾವು. ಮತ್ತ ಹಾಡು ಕಲಿತದ್ದು ತವರಮನ್ಯಾಗೋ ಗಂಡನ ಮನ್ಯಾಗೋ ಅಂತ ತಪ್ಪದ ಕೇಳು. ಹಾವೇರಿಯಿಂದ ಗದಗಿಗೆ ಬಂದ ಸೊಸಿ ಹಾಡೋದು ಹಾವೇರಿ ಪಾಠ ಇರಬಹುದು. ಪಟ್ಟಿಯಾಗ ಅದನ್ನ ಗದಗಿನ ಹೆಸರಿಗೆ ಬರೀಬ್ಯಾಡ.

ನಿನ್ನ ಗೆಳೆಯ